ಭಾವನ ಹೆಸರಲ್ಲಿ ಊದಿದ ಉಸಿರು

ಕಲ್ಲು ಪುಡಿಮಾಡುವ ಆ ಕಾರ್ಖಾನೆಯಲ್ಲಿ ಅವನಿಗೆ, ಕುಲುಮೆಗೆ ಗಾಳಿ ಊದುವ ತಿದಿ ಎಂದೇ ಹೆಸರು. ಲಾರಿ ಓಡಿಸುವವನು, ಧೂಳೆದ್ದರೆ ಗಾಜು ಏರಿಸಿಕೊಂಡು ಕೂರುವ ಪುಣ್ಯವಂತ. ಎದೆಯೊಳಗಿನ ಸರಂಜಾಮೆಲ್ಲ ಹೊಸದರಂತೆಯೇ ಇತ್ತು.

ವರ್ಷಕ್ಕೊಮ್ಮೆ ನರ್ಸಮ್ಮ ಉಸಿರಳೆಯುವ ಯಂತ್ರ ತರುತ್ತಿದ್ದರು. ಕೊಳವೆಯೊಳಗೆ ಒಂದೇ ದಮ್ಮಿಗೆ ಊದಬೇಕು. ಕಮ್ಮಿ ಊದಿದವನ ಕೆಲಸ ಹೋಯಿತೆಂದೇ ಎಲ್ಲರ ಭಯ. ಹಿಟ್ಟಿನಲ್ಲಿ ಹೊರಳಿದಂಥ ಆ ಮುಖಗಳಲ್ಲಿ ಯಾರು ಯಾರೆಂದು ಹೆತ್ತವಳಿಗೂ ಗೊತ್ತಾಗುತ್ತಿರಲಿಲ್ಲ, ಇನ್ನು ನರ್ಸಮ್ಮನ ಪಾಡೇನು? ಹಾಗಾಗಿ ತಿದಿ ಒಂದು ಹಿಡಿ ಧೂಳು ಬಳಿದುಕೊಂಡು, ಕೆಮ್ಮುವವರ ಪರವಾಗಿ ಊದಿಕೊಟ್ಟು ಬರುತ್ತಿದ್ದ. ಕೂಲಿ ಒಂದು ಲೋಟ ಚಹಾ, ಮೇಲೆ ಒಂದಿಷ್ಟು ಹೊಗಳಿಕೆ. ಚಹಾ ಇಲ್ಲದಿದ್ದರೂ ನಡೆಯುತ್ತಿತ್ತು.

ಹೋದ ವರ್ಷ ಅಕ್ಕನ ಗಂಡನ ಹೆಸರಲ್ಲಿ ಊದಿದ. ಕಾಗದದ ಮೇಲೆ ಗೆರೆ ಬೆಟ್ಟದಂತೆ ಎದ್ದಿತು. ಭಾವ ಕಲ್ಲು ಪುಡಿಮಾಡುವ ಯಂತ್ರದ ಬಾಯಲ್ಲೇ ಕೆಲಸಕ್ಕೆ ಉಳಿದರು.

ಈಗ ಭಾವ ಮನೆ ಮೆಟ್ಟಿಲ ಮಧ್ಯೆ ನಿಂತುಬಿಡುತ್ತಾರೆ, ಏನೋ ನೋಡುವವರಂತೆ. ಎದುರಿಗಿರುವುದು ಬರೀ ಗೋಡೆ.

"ಧೂಳಿಲ್ಲದ ಕಡೆ ಹಾಕಿ ಅಂತ ಆಫೀಸಿನಲ್ಲಿ ಕೇಳಿದ್ರೆ, ಇವರ ಉಸಿರು ಗೂಳಿ ಥರ ಇದೆ, ನಾಟಕ ಆಡ್ತಾರೆ ಅಂದ್ರಂತೆ ಕಣೋ," ಎಂದಳು ಅಕ್ಕ, ತಟ್ಟೆಗೆ ಬಡಿಸುತ್ತ. "ನೀನೇ ಹೇಳು, ಇದು ನಾಟಕವಾ?"

ಗೂಳಿಯಂತೆ ಊದಿದ್ದ ತಿದಿ ಅರ್ಧ ಊಟಕ್ಕೇ ಕೈ ತೊಳೆದು ಎದ್ದ.

ಮತ್ತೆ ಪರೀಕ್ಷೆಯ ದಿನ ಬಂತು.

"ಹೋಗು, ಮುಖಕ್ಕೆ ಬಳ್ಕೊ," ಎಂದರು ಭಾವ.

"ಈ ಸಲ ನೀವೇ ಊದಿ ಭಾವ."

"ಕೆಲಸ ಹೋದ್ರೆ ನಿಮ್ಮಕ್ಕನ್ನ ನೀನು ಸಾಕ್ತೀಯಾ?"

"ಸಾಕ್ತೀನಿ. ಅವಳ ಬೈಗುಳ ಮಾತ್ರ ನಿಮ್ಮ ಪಾಲಿಗೇ ಇರ್ಲಿ."

ಭಾವ ಊದಿದರು. "ಇನ್ನೂ, ಇನ್ನೂ," ಎಂದರು ನರ್ಸಮ್ಮ. ಹಿಂದೆ ನಿಂತ ತಿದಿಯ ಕೆನ್ನೆ ಅಭ್ಯಾಸಬಲದಿಂದ ತಾನೇ ಉಬ್ಬಿತು. ಕಾಗದದ ಮೇಲೆ ಎದ್ದದ್ದು ಇರುವೆಗೂಡಿನಷ್ಟು ದಿಬ್ಬ.

"ಹೋದ ವರ್ಷ ಬೆಟ್ಟ ಎಬ್ಬಿಸಿದ್ರಿ. ಈಗೇನು ನಾಟಕ?" ಎಂದರು ನರ್ಸಮ್ಮ, ಹಳೆಯ ಕಾಗದ ತೆಗೆದು.

ಭಾವ ಬಗ್ಗಿ ಕೆಮ್ಮತೊಡಗಿದರು.

"ನಾಟಕ ಹೋದ ವರ್ಷದ್ದು ಮೇಡಂ," ಎಂದ ತಿದಿ. "ಆ ಬೆಟ್ಟ ನಂದು."

ನರ್ಸಮ್ಮ ಅವನ ತೊಳೆದ ಮುಖವನ್ನೇ ನೋಡಿದರು. "ಇನ್ನೂ ಯಾರ್‍ಯಾರದ್ದು ಊದಿದೀಯಾ?"

ತಿದಿ ಹಿಂತಿರುಗಿ ನೋಡಿದ. ಸಾಲಿನಲ್ಲಿದ್ದ ಬಿಳಿ ಮುಖಗಳೆಲ್ಲ ನೆಲ ನೋಡುತ್ತಿದ್ದವು.

ನರ್ಸಮ್ಮ ಭಾವನನ್ನು ಧೂಳಿನಿಂದ ಇವತ್ತೇ ದೂರ ಮಾಡಬೇಕೆಂದು ಬರೆದರು. ಆಮೇಲೆ ಬಕೆಟ್ಟಿನಲ್ಲಿ ನೀರು ತರಿಸಿ, ಎಲ್ಲರೂ ಮುಖ ತೊಳೆದೇ ಬರಬೇಕೆಂದರು. ಹೊಯ್ಯುವ ಕೆಲಸ ತಿದಿಯದು. ಮೊದಲು ಭಾವ ಬಗ್ಗಿದರು. ಧೂಳಿಳಿದಾಗ ಕಂಡ ಮುಖ ಅವನು ಎಣಿಸಿದ್ದಕ್ಕಿಂತ ಎಷ್ಟೋ ಬಡವಾಗಿತ್ತು.

"ನಿಧಾನಕ್ಕೆ ಹೊಯ್ಯೋ," ಎಂದರು ಭಾವ, ಉಸಿರು ಹಿಡಿದು ಹಿಡಿದು. "ಇರೋ ಉಸಿರನ್ನೂ ಮುಳುಗಿಸ್ತೀಯಾ?"

ತಿದಿ ಚೊಂಬು ಬಾಗಿಸಿದ. ಅವನ ಹಿಂದೆ ಸಾಲು ಕೆಮ್ಮುತ್ತ ಮುಂದೆ ಸರಿಯಿತು.