ಚುಕ್ಕಾಣಿ ನನ್ನ ಕೈಯಲ್ಲಿತ್ತು

ಗಿರಿಜಾ, ನಿನ್ನ ಅಪ್ಪನ ದೋಣಿ ಒಡೆದದ್ದು ನನ್ನ ಕೈಯಿಂದ. ನನ್ನ ಅಣ್ಣನ ಕೈಯಿಂದ ಅಲ್ಲ. ನಿನ್ನನ್ನು ಕಟ್ಟಿಕೊಂಡು ಇಷ್ಟು ವರ್ಷ ಸಂಸಾರ ಮಾಡಿಯೂ ಈ ಒಂದು ಮಾತು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಈಗ ಹೇಳುತ್ತಿದ್ದೇನೆ — ನಡುವೆ ಬಾಯಿ ಹಾಕಬೇಡ, ಒಮ್ಮೆ ನಿಲ್ಲಿಸಿದರೆ ಮತ್ತೆ ಹೇಳಲಾರೆ.

ಲಾರಿಗಳು ಓಡತೊಡಗಿದ ಮೇಲೆ ಬಂಟ್ವಾಳದಿಂದ ಮಂಗಳೂರಿಗೆ ದೋಣಿಯಲ್ಲಿ ಸಾಮಾನು ಕಳಿಸುವವರು ಕಡಿಮೆಯಾಗಿದ್ದರು. ಆಗಲೇ ಉಡುಪಿಯ ಕಡೆ ಕಡಲಬದಿಯಲ್ಲಿ ಸರಕು ಇಳಿಸುವ ಹೊಸ ಧಕ್ಕೆ ಆಗಿದೆ, ಅಲ್ಲಿ ದೋಣಿಗಳಿಗೆ ಕೆಲಸ ಉಂಟು ಎಂಬ ಸುದ್ದಿ ಬಂತು. ನಿನ್ನ ಅಪ್ಪ — ನನ್ನ ಸೋದರಮಾವ — ನಮ್ಮಿಬ್ಬರನ್ನೂ ಕರೆದು, "ದೋಣಿಯನ್ನು ಅಲ್ಲಿಗೆ ಮುಟ್ಟಿಸಿ. ಬಂದ ಮೇಲೆ ಮದುವೆಯ ಮಾತು ಮುಗಿಸುವ" ಎಂದರು. ನಿನ್ನನ್ನು ಅಣ್ಣನಿಗೆ ಕೊಡುವುದೆಂದು ಆಗಲೇ ನಿಶ್ಚಯವಾಗಿತ್ತಲ್ಲ. ದಾರಿಯುದ್ದಕ್ಕೂ ಅವನನ್ನು ಮದುಮಗ, ಮದುಮಗ ಎಂದು ಗೋಳುಹೊಯ್ದುಕೊಂಡೆ.

ಹೊಳೆ ಕಡಲು ಸೇರುವ ಅಳಿವೆ ದಾಟಿ ಬಡಗು ದಿಕ್ಕಿಗೆ ಹಾಯಿ ಬಿಚ್ಚಿದೆವು. ಮಧ್ಯಾಹ್ನದ ಮೇಲೆ ಗಾಳಿ ಜೋರಾಯಿತು. ಒಳಗೆ ನುಗ್ಗಿದ ನೀರನ್ನು ಗೋರಿ ಚೆಲ್ಲಲು ಅಣ್ಣ ಚುಕ್ಕಾಣಿಯನ್ನು ನನಗೆ ಕೊಟ್ಟ. "ಎಷ್ಟು ಹೆದರಿಕೆ ಆದರೂ ದಡದ ಕಡೆ ತಿರುಗಿಸಬೇಡ ಮಾರಾಯ. ತೆರೆ ಒಡೆಯುವುದೇ ಅಲ್ಲಿ" ಎಂದ. ಆದರೆ ನಾನು ಹೊಳೆಯಲ್ಲಿ ಬೆಳೆದವ. ನೇತ್ರಾವತಿಯಲ್ಲಿ ನೀರು ಕೆರಳಿದರೆ ನಾವು ಮಾಡುವುದು ಒಂದೇ — ದಡ ಹಿಡಿಯುವುದು. ಅವನ ಮಾತು ಕಿವಿಗೆ ಹೋಗಿತ್ತು, ಕೈಗೆ ಹೋಗಲಿಲ್ಲ. ತಿರುಗಿಸಿದೆ. ದೋಣಿ ತೆರೆಗೆ ಅಡ್ಡವಾಯಿತು, ಮಗುಚಿತು, ಬಂಡೆಗೆ ಬಡಿದು — ಹಲಗೆಗಳಷ್ಟೇ ಉಳಿದವು. ನೀರು ಕುಡಿದು ಮುಳುಗುತ್ತಿದ್ದ ನನ್ನನ್ನು ಕೂದಲು ಹಿಡಿದು ಎಳೆದು ತಂದವನೂ ಅವನೇ.

ಅಂಗಳಕ್ಕೆ ಕಾಲಿಟ್ಟದ್ದೇ ಮಾವ ಕೇಳಿದರು, "ಚುಕ್ಕಾಣಿ ಯಾರ ಕೈಯಲ್ಲಿತ್ತು?" ಅಣ್ಣ ಬಾಯಿ ತೆರೆಯುವ ಮೊದಲೇ ನಾನೆಂದೆ — "ಅಣ್ಣನ ಕೈಯಲ್ಲಿ." ಥೂ, ನನ್ನ ಬಾಯಿಗೆ ಹುಳ ಬೀಳಲಿ! ಅವನು ನನ್ನನ್ನು ನೋಡಿದ. ಕೋಪ ಇರಲಿಲ್ಲ, ಆಶ್ಚರ್ಯ ಇತ್ತು. "ಅಲ್ಲ ಮಾವ" ಎಂದಷ್ಟೇ ಹೇಳಿದ.

ಒಬ್ಬ ಹೌದು, ಇನ್ನೊಬ್ಬ ಅಲ್ಲ ಎಂದರೆ ನಮ್ಮಲ್ಲಿ ದಾರಿ ಒಂದೇ. ಮಾವ ನಮ್ಮನ್ನು ಅಂಗಳದಾಚೆಯ ದೈವದ ಗುಡಿಯ ಎದುರು ನಿಲ್ಲಿಸಿದರು. "ಹಿರಿಯವ ನೀನು. ಹಿಡಿದಿರಲಿಲ್ಲ ಎಂದು ಆಣೆ ಹಾಕು, ನಂಬುತ್ತೇನೆ." ಒಂದು ಮಾತು ಸಾಕಿತ್ತು. ಅಣ್ಣ ತಲೆ ತಗ್ಗಿಸಿ, "ಆಣೆ ನಾನು ಹಾಕುವುದಿಲ್ಲ ಮಾವ" ಎಂದ. ಆಣೆಗೆ ಹಿಂಜರಿದವನೇ ತಪ್ಪಿತಸ್ಥ ಎಂದು ಊರೆಲ್ಲ ತೀರ್ಮಾನಿಸಿತು. ತಾನು ಆಣೆ ಹಾಕಿದರೆ ಸುಳ್ಳಾಡಿದ ನನ್ನ ಮೇಲೆ ದೈವ ಮುನಿಯುತ್ತದೆ — ಅವನಿಗಿದ್ದದ್ದು ಆ ಒಂದೇ ಹೆದರಿಕೆ. ಆಮೇಲೆ ಗುಡಿಯ ಹಿಂದೆ ನನಗೆ ಹೇಳಿದ: "ಅಮ್ಮ ಸಾಯುವಾಗ ನಿನ್ನನ್ನು ನನ್ನ ಕೈಗೆ ಕೊಟ್ಟದ್ದು. ನಿನಗೆ ಏನಾದರೂ ಆದರೆ ನಾನೆಂತ ಮಾಡುವುದು?"

ಆ ವರ್ಷವೇ ನಿನ್ನನ್ನು ನನಗೆ ಕೊಟ್ಟರು. ಅಣ್ಣ ಮೂಡುಬಿದಿರೆಗೆ ಹೋಗಿ ಒಂದು ಹೋಟೆಲಿಗೆ ಸೇರಿಕೊಂಡ, ಮದುವೆಯಾಗಲಿಲ್ಲ. ನಿನ್ನೆ ಅವನು ನಮ್ಮ ಬೆಳ್ತಂಗಡಿಯ ಮನೆಗೆ ಬಂದಾಗ ನೀನು ಹೊರಗೆ ಬರಲಿಲ್ಲ. ಮಗಳ ಕೈಯಲ್ಲಿ ಬರೇ ಬೆಲ್ಲದ ತುಂಡು, ನೀರು ಕಳಿಸಿ, "ಆಣೆಗೆ ಹೆದರಿದವರಿಗೆ ಇಷ್ಟು ಮರ್ಯಾದೆ ಸಾಕು" ಎಂದು ಒಳಗಿನಿಂದಲೇ ಹೇಳಿದೆ. ಅವನಿಗೆ ಕೇಳಿಸಿತು. ಬೆಲ್ಲವನ್ನು ಮಗಳ ಬಾಯಿಗಿಟ್ಟು, ನೀರು ಮಾತ್ರ ಕುಡಿದು, ನನ್ನ ಹತ್ತಿರ ಬಸ್ಸಿನ ಸುದ್ದಿ ಮಾತಾಡಿ ಹೋದ. ನಾನು — ಆಗಲೂ ಸುಮ್ಮನಿದ್ದೆ.

ಮಾವನ ಹೆದರಿಕೆಯಿಂದ ಸುಳ್ಳು ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಗಳದಲ್ಲಿ ಹಾಗೆಯೇ ಇರಬಹುದು. ಆದರೆ ಗುಡಿಯ ಎದುರು ಅಣ್ಣ ತಲೆ ತಗ್ಗಿಸಿದಾಗ ನೀನು ಮನೆಯ ಬಾಗಿಲಲ್ಲಿ ನಿಂತಿದ್ದೆ. ಇನ್ನು ಇವಳು ನನಗೆ ಸಿಗಬಹುದು — ಹಾಗೆಂದು ಹೊಳೆಯಿತು ನನಗೆ. ಆ ಆಸೆಗೇ ಬಾಯಿ ಮುಚ್ಚಿಕೊಂಡೆ.

ನಾಳೆ ಮಾವನ ಎದುರು ಇದನ್ನೇ ಹೇಳುತ್ತೇನೆ. ಅಲ್ಲಿಂದ ಮೂಡುಬಿದಿರೆಗೆ. ತಿರುಗಿ ಬಂದಾಗ ನನ್ನನ್ನು ಒಳಗೆ ಕರೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಕ್ಷಮಿಸು ಎನ್ನುವ ಮುಖ ನನಗಿಲ್ಲ. ಅವನಿಂದ ನಿನ್ನನ್ನು ಕದ್ದೆ, ಗಿರಿಜಾ. ನಿನಗೆ ಯಾರು ಬೇಕೆಂದು ಆ ದಿನ ಯಾರೂ ಕೇಳಲಿಲ್ಲ — ನಾನೂ ಕೇಳಲಿಲ್ಲ.