ತಳವಿಲ್ಲದ ಗುಡಾಣ

ಹಸಿ ತೆಂಗಿನ ಸಿಪ್ಪೆ ಸುಡುವ ಹೊಗೆ ಮೂಗಿಗೆ ಬಡಿದರೆ ಈಗಲೂ ನನ್ನ ಬಾಯಲ್ಲಿ ನೀರೂರುತ್ತದೆ. ಅದರ ಹಿಂದೆಯೇ ಎದೆಯೊಳಗೆ ಏನೋ ಮರಗಟ್ಟಿದ ಹಾಗಾಗುತ್ತದೆ. ಮೊನ್ನೆ ಹಾಸನದ ನಮ್ಮ ಬೀದಿಯಲ್ಲಿ ಯಾರೋ ನೀರೊಲೆಗೆ ಸಿಪ್ಪೆ ತುಂಬಿದ್ದರು. ಎಪ್ಪತ್ತು ದಾಟಿದ ಮುದುಕಿ ನಾನು, ಗೇಟು ಹಿಡಿದು ಸುಮ್ಮನೆ ನಿಂತುಬಿಟ್ಟೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ ಬಿಡಿ.

ದುದ್ದದ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಹಂದಿ ಬಾಡು ತಿನ್ನುತ್ತಿದ್ದರು, ಆದರೆ ಹೊಸಲು ದಾಟಿಸುತ್ತಿರಲಿಲ್ಲ. ಒಳಗೆ ದೇವರ ಗೂಡಿತ್ತು. ಅದಕ್ಕೇ ಹಿತ್ತಲ ಸೀಬೆಮರದ ಕೆಳಗೊಂದು ಗುಂಡಿ, ಗುಂಡಿಯ ಮೇಲೆ ತಳ ಒಡೆದ ಹಳೇ ಮಣ್ಣಿನ ಗುಡಾಣ. ಅಪ್ಪನ ತಾಯಿ, ನನ್ನ ಅಜ್ಜಿ, ಪಕ್ಕೆಲುಬಿನ ಬಾಡಿಗೆ ಉಪ್ಪು, ಅರಿಶಿನ, ಜಜ್ಜಿದ ಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ ತಿಕ್ಕಿ, ತಂತಿಯಲ್ಲಿ ಪೋಣಿಸಿ, ಗುಡಾಣದೊಳಗೆ ಇಳಿಬಿಡುತ್ತಿದ್ದಳು. ಕೆಳಗೆ ಹಸಿ ಸಿಪ್ಪೆ, ಸೀಬೆಕಡ್ಡಿ. ಬಾಯಿಗೆ ಒದ್ದೆ ಗೋಣಿಚೀಲ. ಉರಿ ಏಳಬಾರದು, ಹೊಗೆ ನಿಲ್ಲಬಾರದು. ಬೆಳಗ್ಗೆ ಇಟ್ಟರೆ ಹೊತ್ತು ಇಳಿಯುವವರೆಗೂ ಅಜ್ಜಿ ಅಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದಳು. ಕೊನೆಗೆ ಒಂದು ಮೂಳೆ ಹಿಡಿದು ತಿರುವುತ್ತಿದ್ದಳು. ಬಾಡಿನೊಳಗೆ ಅದು ಸಲೀಸಾಗಿ ತಿರುಗಿತೋ, "ಆಯ್ತು ಕಣ್ರಲಾ, ಬನ್ನಿ!" ಎಂದು ಕೂಗು. ಅಪ್ಪ, ದೊಡ್ಡಪ್ಪ ಮರದ ಕೆಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು, ಮೂಳೆ ಚೀಪುತ್ತಾ, ಒಬ್ಬರನ್ನೊಬ್ಬರು ಹಂಗಿಸುತ್ತಾ ತಿನ್ನುತ್ತಿದ್ದರು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವರಿಬ್ಬರೂ ಪಾಲಾದರು. ಅರವತ್ತರ ದಶಕದ ಮೊದಲ ವರ್ಷಗಳು ಅವು. ಹಂಡೆ, ಒನಕೆ, ಕೊಟ್ಟಿಗೆಯ ದನ ಎಲ್ಲ ಹಂಚಿಹೋದವು. ನಡುಮನೆಯಲ್ಲಿ ಮಣ್ಣಿನ ಗೋಡೆ ಎದ್ದಿತು, ಅಣ್ಣತಮ್ಮಂದಿರ ಮಾತು ನಿಂತಿತು. ಗುಡಾಣದ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಪಂಚಾಯ್ತಿಗೆ ಕೂತ ಹಿರಿಯರ ಮುಂದೆ ಹಂದಿ ಬಾಡಿನ ಗುಡಾಣದ ಮಾತು ಆಡುವುದುಂಟೆ! ಅಜ್ಜಿಗೆ ಅಷ್ಟೇ ಸಾಕಾಯಿತು. "ಅದು ಪಾಲಾಗಿಲ್ಲ ಕಣವ್ವ. ಇಬ್ರೂ ಅದ್ರ ತಾವ್ಕೆ ಬರ್ಲೇಬೇಕು," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮಕ್ಕಳನ್ನು ಮತ್ತೆ ಒಟ್ಟಿಗೆ ಕೂರಿಸಲು ಅವಳ ಕೈಯಲ್ಲಿ ಉಳಿದಿದ್ದು ಅದೊಂದೇ.

ಆ ಗೋಡೆ ಒಣಗುವ ಮೊದಲೇ ಒಂದು ಭಾನುವಾರ ಗುಡಾಣ ಹೊಗೆಯಾಡಿತು. ಹೊತ್ತಿಳಿಯುವಾಗ ಮೂಳೆ ತಿರುಗಿತು. ಅಜ್ಜಿ ಎರಡು ಮುತ್ತುಗದ ಎಲೆ ಹಾಸಿ, ಇಬ್ಬರನ್ನೂ ಕರೆತರಲು ನನ್ನನ್ನು ಓಡಿಸಿದಳು. ದೊಡ್ಡಪ್ಪ ತಮ್ಮ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು.

"ನಿಮ್ಮಪ್ಪ ಬಂದವ್ನಾ?"

"ಇಲ್ಲ."

"ಅವ್ನು ಬಂದು ಕುಂತ್ಕಳ್ಳಿ, ಆಮೇಲೆ ಬತ್ತೀನಿ."

ಅಪ್ಪನ ಹತ್ತಿರ ಓಡಿದೆ. "ನಿಮ್ ದೊಡ್ಡಪ್ಪ ಬಂದ್ನಾ?" ಎಂದರು. ಇಲ್ಲವೆಂದೆ. "ದೊಡ್ಡೋನಲ್ವಾ, ಅವ್ನೇ ಮೊದ್ಲು ಬರ್ಲಿ ಬುಡು." ಮೂರು ಸಲ ಹೋಗಿ ಬಂದೆ, ಮೂರು ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಅಷ್ಟೂ ಹೊತ್ತು ಅಜ್ಜಿ ಗೋಣಿಗೆ ನೀರು ಚಿಮುಕಿಸುತ್ತಾ ಹೊಗೆ ಕಾಯುತ್ತಿದ್ದಳು. ಬಾಡು ಮೂಳೆ ಬಿಟ್ಟು ಕಳಚಿ ಬೂದಿಗೆ ಬೀಳತೊಡಗಿತು. ನಾಲ್ಕನೇ ಸಲ ಹೊರಟವಳ ಕೈ ಹಿಡಿದು, "ಸಾಕು ಬುಡವ್ವ. ನೀನಾರಾ ತಿನ್ನು," ಎಂದಳು. ತಿಂದೆ. ಅಷ್ಟು ಮೆತ್ತಗಿನ ಬಾಡನ್ನು ಆಮೇಲೆ ಎಲ್ಲೂ ತಿಂದಿಲ್ಲ. ಅಜ್ಜಿ ಒಂದು ಚೂರೂ ಮುಟ್ಟದೆ ಆ ಎರಡು ಎಲೆಗಳನ್ನೇ ನೋಡುತ್ತಿದ್ದಳು. ನನಗೆ ಅಳು ಬರಲಿಲ್ಲ, ಏನೂ ಅನ್ನಿಸಲಿಲ್ಲ. ಬೆರಳು ನೆಕ್ಕಿಕೊಂಡೆ.

ಆ ಗುಡಾಣ ಮತ್ತೆ ಹೊಗೆಯಾಡಲಿಲ್ಲ. ಅಜ್ಜಿ ಸತ್ತಾಗ ಇಬ್ಬರೂ ಹೆಗಲು ಕೊಟ್ಟರು, ಮಾತಾಡಲಿಲ್ಲ. ಈಗ ಅವರೂ ಇಲ್ಲ, ಸೀಬೆಮರವೂ ಇಲ್ಲ. ಹೊಗೆಯ ವಾಸನೆ ಬಂದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟೇ: ದೊಡ್ಡಪ್ಪ ಕೇಳಿದಾಗ "ಊಂ, ಬಂದವ್ರೆ" ಎಂದುಬಿಟ್ಟಿದ್ದರೆ ಅವರು ಎದ್ದು ಬರುತ್ತಿದ್ದರು. ಅಪ್ಪನಿಗೂ ಹಾಗೇ ಹೇಳಬಹುದಿತ್ತು. ಹೊಳೆಯಲೇ ಇಲ್ಲ ನೋಡಿ. ಸುಳ್ಳು ಹೇಳಿದರೆ ನಾಲಿಗೆಗೆ ಬರೆ ಹಾಕುತ್ತೇನೆ ಎಂದು ಹೆದರಿಸಿ ನನ್ನನ್ನು ಬೆಳೆಸಿದ್ದವಳು ಅಜ್ಜಿಯೇ.