ಗೋದಾಮಿನಲ್ಲಿ ಎರಡು ಈಡು

ಕೊಲೆಯ ಸಿನಿಮಾ ನೋಡಿದರೆ ಎಲ್ಲರಿಗೂ ಎದೆ ಹೊಡೆದುಕೊಳ್ಳುತ್ತದಂತೆ. ನನಗೆ ಆಕಳಿಕೆ ಬರುತ್ತದೆ. ಹೇಳಿಕೊಳ್ಳಲು ನಾಚಿಕೆಯೇ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಉದ್ದ ಕೋಟಿನವನೊಬ್ಬ ಕತ್ತಲೆಯಲ್ಲಿ ಒಂದು ಮೆಟ್ಟಿಲು ಹತ್ತಿ, ನಿಂತು, ಸಿಗರೇಟು ಹಚ್ಚಿ, ಇನ್ನೊಂದು ಮೆಟ್ಟಿಲು ಹತ್ತುತ್ತಾನೆ. ಮಂಡಿನೋವಿನ ಮನುಷ್ಯನಾದ ನನಗೆ ಅವನ ಸಂಚಿಗಿಂತ ಇನ್ನೆಷ್ಟು ಮೆಟ್ಟಿಲು ಉಳಿದಿವೆ ಎಂಬುದೇ ಚಿಂತೆ. ಅದನ್ನು ಯೋಚಿಸುತ್ತಲೇ ನಿದ್ದೆ ಹೋಗುತ್ತೇನೆ.

ಈ ನಿದ್ದೆಯಿಂದ ಒಮ್ಮೆ ದೊಡ್ಡ ಅನಾಹುತವೇ ಆಯಿತು. ನಾಪೋಕ್ಲು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಆಗ ನಾನು ಲೆಕ್ಕಪತ್ರ ಬರೆಯುವ ರೈಟರ್. ಹೆಸರಿಗೆ ರೈಟರ್; ಬರೆದದ್ದಕ್ಕಿಂತ ಹೇಳಿದ್ದೇ ಹೆಚ್ಚು. ಯಜಮಾನರಾದ ಸೋಮಯ್ಯನವರೂ ಗದ್ದೆಯ ಆಚೆ ದಡದಲ್ಲಿದ್ದ ಅವರ ತಮ್ಮ ಕುಶಾಲಪ್ಪನವರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಕೊಡಗು ಮೈಸೂರಿಗೆ ಸೇರಬೇಕೆಂದು ತಮ್ಮ, ಸೇರಬಾರದೆಂದು ಅಣ್ಣ. ಕೊಡಗು ಅಂತೂ ಸೇರಿತು; ಅಣ್ಣ ತಮ್ಮಂದಿರು ಬೇರೆಯಾದರು. ಅಂದಿನಿಂದ ಗದ್ದೆಗೆ ನೀರು ತಿರುಗಿಸುವುದಿರಲಿ, ಬೇಲಿ ಕಟ್ಟುವುದಿರಲಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಬೈಗುಳಗಳನ್ನು ದಾರಿಯಲ್ಲೇ ಸೋಸಿ, ಉಳಿದದ್ದನ್ನು ಒಪ್ಪಿಸುತ್ತಿದ್ದೆ. ಕೆಲವು ದಿನ ಒಪ್ಪಿಸಲು ಏನೂ ಉಳಿಯುತ್ತಿರಲಿಲ್ಲ. ಸುಮ್ಮನೆ ಅಷ್ಟು ದೂರ ಏರಿ ಇಳಿದದ್ದೇ ಬಂತು.

ಆ ವರ್ಷ ಸೋಮಯ್ಯನವರಿಗೆ ಉಬ್ಬಸ ಜೋರಾಯಿತು. ಹಾಸಿಗೆ ಹಿಡಿದರು. ಹೆದರುವ ಜೀವವಲ್ಲ ಅವರದು. ಸೈನ್ಯದ ಪಟಾಲಮಿನಲ್ಲಿ ಇದ್ದು ಬಂದವರು. ಒಂದೇ ಒಂದು ಪ್ರಶ್ನೆ ಅವರನ್ನು ತಿನ್ನುತ್ತಿತ್ತು. ಹಾಜರಿ ಪುಸ್ತಕ ತೋರಿಸಲು ಹೋದಾಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಕೇಳುವರು:

"ರೈಟ್ರೆ, ನಾ ಸತ್ತರೆ ಅಂವ ಬರ್ತಾನಾ, ಇಲ್ಲೆನಾ?"

"ಬಂದೇ ಬರ್ತಾರೆ ಸಾವ್ಕಾರ್ರೆ, ಅದೇನು ಮಾತು" ಎನ್ನುತ್ತಿದ್ದೆ. ನಿಜವಾಗಿ ನನಗೆ ಗೊತ್ತಿರಲಿಲ್ಲ. ತಮ್ಮನನ್ನು ಕೇಳೋಣವೆಂದರೆ, ಅಂಥ ಮಾತನ್ನು ಹೇಗೆ ಸೋಸುವುದು?

ಕಾಯಿಲೆ ಸ್ವಲ್ಪ ಇಳಿದು ಅವರು ಕುರ್ಚಿಯಲ್ಲಿ ಕೂರುವಂತಾದಾಗ ಬೇಸರ ಕಳೆಯಲೆಂದು ಮಡಿಕೇರಿಯ ಸ್ನೇಹಿತರೊಬ್ಬರು ಪ್ರೊಜೆಕ್ಟರನ್ನೂ ಒಂದು ಇಂಗ್ಲಿಷ್ ಚಿತ್ರವನ್ನೂ ಕಳಿಸಲು ಒಪ್ಪಿದರು. ಕತೆಯನ್ನು ಕನ್ನಡದಲ್ಲಿ ಹೇಳುವವನು ನಾನೇ ಎಂದಾಯಿತು. ತಯಾರಿಗೆಂದು ಹಿಂದಿನ ವಾರ ಮಡಿಕೇರಿಗೆ ಹೋಗಿ ಚಿತ್ರ ನೋಡಿ ಬಂದೆ. ಮೆಟ್ಟಿಲು ಹತ್ತುವವರೆಗೆ ನೋಡಿದೆ ಎನ್ನುವುದು ಸರಿಯಾದ ಮಾತು. ಕೊನೆಯಲ್ಲಿ ಏನಾಯಿತೆಂದು ಯಾರನ್ನಾದರೂ ಕೇಳಬಹುದಿತ್ತು. ಮರ್ಯಾದೆ ಅಡ್ಡ ಬಂತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಾಫಿ ಗೋದಾಮಿನ ಕಿಟಕಿಗಳಿಗೆ ಗೋಣಿ ಕಟ್ಟಿ ಕತ್ತಲೆ ಮಾಡಿದರು. ಕೂಲಿ ಲೈನಿನ ಆಳುಗಳೂ ಅಕ್ಕಪಕ್ಕದ ನಾಲ್ಕು ಮನೆಯವರೂ ಬಂದು ಕೂತರು. ಆಚೆ ದಡಕ್ಕೆ ಹೇಳಿಕೆ ಹೋಗಲಿಲ್ಲ. ತಗಡಿನ ಮಾಡಿನ ಕೆಳಗೆ ಸದ್ದು ಗಿರಕಿ ಹೊಡೆಯುತ್ತದೆಂದು ಪ್ರೊಜೆಕ್ಟರಿನವನು ಲೌಡ್‌ಸ್ಪೀಕರನ್ನು ಹೊರಗಿನ ಹಲಸಿನ ಮರಕ್ಕೆ, ಗದ್ದೆಯ ಕಡೆಗೆ ಬಾಯಿ ಮಾಡಿ ಕಟ್ಟಿದ. ಇಂಗ್ಲಿಷು ಹೊರಗೆ ಹೋದದ್ದಕ್ಕೆ ಒಳಗೆ ಯಾರೂ ಬೇಸರಪಡಲಿಲ್ಲ.

ಕತೆ ಇಷ್ಟೇ. ಮಂತ್ರಿಯೊಬ್ಬ ಊರಿಗೆ ಭಾಷಣಕ್ಕೆ ಬರುತ್ತಾನೆ. ಅವನನ್ನು ಕೊಲ್ಲಲು ಕೂಲಿಯ ಕೊಲೆಗಾರನೊಬ್ಬ ಎದುರಿನ ದರ್ಜಿಯಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದಾನೆ. ಅವನಿಗೆ ಹೆಸರಿಲ್ಲ. ಈ ಹೆಸರಿಲ್ಲದ್ದೇ ನನ್ನ ಗ್ರಹಚಾರಕ್ಕೆ ಬಂತು. "ಯಾವ ಮನೆಯಂವ?" ಎಂದು ಹಿಂದಿನಿಂದ ಯಾರೋ ಕೇಳಿದರು. ಕೊಡಗಿನಲ್ಲಿ ಮನೆ ಹೆಸರು ತಿಳಿಯದೆ ಯಾರೂ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವುದಿಲ್ಲ, ಪ್ರೀತಿಯನ್ನೂ ಮಾಡುವುದಿಲ್ಲ. ಗೊತ್ತಿಲ್ಲ ಎಂದೆ. ಅವನಿಗಾಗಿ ಪೊಲೀಸರಿಗೆ ಸುಳ್ಳು ಹೇಳುವ ಹೆಂಗಸೊಬ್ಬಳಿದ್ದಳು; ಅವಳು ಯಾರ ಪೈಕಿ ಎಂದರು. ಅದೂ ಗೊತ್ತಿಲ್ಲ ಎಂದೆ. "ರೈಟ್ರಿಗೆ ಎಂಥದೂ ಗೊತ್ತಿಲ್ಲೆ" ಎಂದು ತೀರ್ಮಾನವಾಯಿತು.

ನಮ್ಮ ಹಳೆಯ ನಾಟಕಗಳಲ್ಲಿ ರಂಗದ ಮೇಲೆ ಕೊಲೆ ತೋರಿಸುವ ವಾಡಿಕೆ ಇರಲಿಲ್ಲವಂತೆ. ನೋಡುವವರ ಮನಸ್ಸು ಕಲಕುತ್ತದೆಂದು. ನಮ್ಮ ಗೋದಾಮಿನ ಮಂದಿಯ ಮನಸ್ಸನ್ನು ಕೊಲೆ ಕಲಕಲಿಲ್ಲ. ಕೊಲೆಗಾರ ಕೋವಿಯನ್ನು ನೆಲದ ಮೇಲೆ ಮಲಗಿಸಿ ಅದನ್ನು ದಾಟಿ ನಡೆದನಲ್ಲ, ಆಗ ಇಡೀ ಗೋದಾಮು ಹಾ ಎಂದಿತು. ಕೈಲ್ ಮುಹೂರ್ತದ ಹಬ್ಬದ ದಿನ ಕೋವಿಗೆ ಹೂವಿಟ್ಟು ಕೈಮುಗಿಯುವ ಜನ. ಇಂಥವನು ಏನು ಮಾಡಲೂ ಹೇಸುವವನಲ್ಲ ಎಂದು ಆಗ ಎಲ್ಲರಿಗೂ ಮನವರಿಕೆಯಾಯಿತು. ನನ್ನ ಒಂದು ಗಂಟೆಯ ಕನ್ನಡದಿಂದ ಆಗದ ಕೆಲಸ ಅದು.

ಮಂತ್ರಿ ವೇದಿಕೆ ಹತ್ತಿದ. ಚಿತ್ರ ಪೂರ್ತಿ ಮೌನವಾಯಿತು. ನಾನೂ ಮೌನವಾದೆ, ಏಕೆಂದರೆ ಇಲ್ಲಿಂದ ಮುಂದೆ ನನಗೂ ಹೊಸದು. ಕಿಟಕಿಯ ಪಟ್ಟಿಗಳ ನೆರಳು ಕೊಲೆಗಾರನ ಮುಖದ ಮೇಲೆ. ಅವನ ಬೆರಳು. ಆಮೇಲೆ ಢಂ, ಢಂ. ಒಂದರ ಹಿಂದೆ ಒಂದು, ಎರಡು ಈಡು.

ಈ ಸೀಮೆಯಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಈಡು ಹೊಡೆಯುತ್ತಾರೆ. ಮನೆಯಲ್ಲಿ ಸಾವಾದರೆ ಎರಡು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು. ಮರದ ಮೇಲಿನ ಲೌಡ್‌ಸ್ಪೀಕರಿನಿಂದ ಹೊರಟ ಸದ್ದು ಹತ್ತಿರದವರಿಗೆ ಡಬ್ಬ ಬಡಿದಂತೆ ಕೇಳಿಸಿರಬಹುದು. ಗದ್ದೆ ದಾಟಿ ಗುಡ್ಡಕ್ಕೆ ಬಡಿಯುವಷ್ಟರಲ್ಲಿ ಅದು ಅಪ್ಪಟ ಕೋವಿಯ ಸದ್ದಾಗಿತ್ತು. ಸೋಮಯ್ಯನವರ ಕಾಯಿಲೆ ಊರಿಗೆಲ್ಲ ಗೊತ್ತಿದ್ದದ್ದೇ. ಮಡಿಕೇರಿಯಲ್ಲಿ ನಾನು ನಿದ್ದೆ ಹೋಗದಿದ್ದರೆ ಈ ಎರಡು ಈಡಿನ ವಿಷಯ ಮೊದಲೇ ತಿಳಿದು, ಪ್ರೊಜೆಕ್ಟರಿನವನಿಗೆ ಸದ್ದು ತಗ್ಗಿಸಲು ಹೇಳುತ್ತಿದ್ದೆನೇನೋ. ಮಂತ್ರಿ ಬದುಕಿದನೋ ಸತ್ತನೋ ನಾವು ಇನ್ನೂ ಚರ್ಚಿಸುತ್ತಿದ್ದಾಗ ಗೋದಾಮಿನ ಬಾಗಿಲು ದೂಡಿಕೊಂಡು ಬೆಳಕು ನುಗ್ಗಿತು.

ಬಾಗಿಲಲ್ಲಿ ಕುಶಾಲಪ್ಪನವರು ನಿಂತಿದ್ದರು. ಸೊಂಟದವರೆಗೆ ಗದ್ದೆಯ ಕೆಸರು. ದಾರಿ ಬಳಸಿ ಬರದೆ ನೇರ ಗದ್ದೆಗೇ ಇಳಿದಿದ್ದರು. ಕಾಲಲ್ಲಿ ಚಪ್ಪಲಿಯಿಲ್ಲ, ಅರವತ್ತರ ಮುಖದ ತುಂಬ ಕಣ್ಣೀರು. ಬೆಳಕಿನಿಂದ ಕತ್ತಲೆಗೆ ಬಂದ ಅವರಿಗೆ ಏನೂ ಕಾಣುತ್ತಿರಲಿಲ್ಲ.

"ಅಣ್ಣ ಎಲ್ಲಿ? ಎಲ್ಲಿ ಮಲಗ್ಸಿದ್ದೀರಿ?" ಎಂದರು.

"ಇಲ್ಲೇ ಇದ್ದೇನೆ. ಸತ್ತಿಲ್ಲೆ," ಎಂದಿತು ಮುಂದಿನ ಸಾಲಿನ ಕುರ್ಚಿ.

ಪ್ರೊಜೆಕ್ಟರು ನಿಂತಿತು. ಸುಳ್ಳೇಕೆ, ನಾನು ಅತ್ತುಬಿಟ್ಟೆ. ಸೋಮಯ್ಯನವರು ತಮ್ಮನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಆ ಕೆಸರನ್ನು ಬಹಳ ಹೊತ್ತು ನೋಡಿದರು. ಕೇಳಬೇಕಾದ ಪ್ರಶ್ನೆ ಇನ್ನು ಉಳಿದಿರಲಿಲ್ಲ. "ನಾಟಿ ಮಾಡಿದ ಗದ್ದೆ ತುಳ್ಕೊಂಡು ಬಂದ್ಯಾ?" ಎಂದರು ಕಡೆಗೆ. ಆರು ವರ್ಷದ ಮೇಲೆ ಆಡಿದ ಮೊದಲ ಮಾತು.

"ತುಳಿದದ್ದು ನನ್ನ ಗದ್ದೆ," ಎಂದರು ಕುಶಾಲಪ್ಪನವರು ಮೂಗು ಒರೆಸಿಕೊಳ್ಳುತ್ತ. "ಸತ್ತವರ ಹಾಗೆ ಈಡು ಹೊಡ್ಸಿ ಸಿನಿಮಾ ನೋಡುವಂವ ನೀನು. ಮೈಸೂರಿಗೆ ಸೇರಿದ ಮೇಲೂ ಬುದ್ಧಿ ಬರ್ಲಿಲ್ಲೆ."

"ಸೇರಿದ್ದಕ್ಕೇ ಹೀಗಾದ್ದು!"

ಶುರುವಾಯಿತು. ಅಷ್ಟರಲ್ಲಿ ಸಾವಿನ ಮನೆಗೆಂದು ತಲೆಗೆ ಬಿಳಿ ವಸ್ತ್ರ ಸುತ್ತಿಕೊಂಡು ಬಂದ ಊರವರು ಬಾಗಿಲಲ್ಲಿ ಗುಂಪಾಗಿ ನಿಂತು, ಹೆಣವೇ ಎದ್ದು ಕೂತು ಜಗಳವಾಡುವುದನ್ನು ಕಂಡು ಬೆರಗಾದರು. ಅಣ್ಣ ಕೆಮ್ಮುತ್ತ ಏನೋ ಕಟುವಾದ ಮಾತು ಹೇಳಿದರು. ಆರು ವರ್ಷದ ಅಭ್ಯಾಸ ನೋಡಿ, ನಾನು ಕಣ್ಣೊರೆಸಿಕೊಂಡು ಎದ್ದು ನಿಂತು ತಮ್ಮನ ಕಡೆ ತಿರುಗಿ, "ಸಾವ್ಕಾರ್ರು ಹೇಳೋದೇನಂದ್ರೆ..." ಎಂದು ಮೆತ್ತಗೆ ತೊಡಗಿದೆ.

"ನೀವು ಸುಮ್ನಿರಿ ರೈಟ್ರೆ!" ಎಂದರು ಇಬ್ಬರೂ ಒಟ್ಟಿಗೆ.

ಕಾಫಿ ಮೂಟೆಯೊಂದರ ಮೇಲೆ ಕೂತುಬಿಟ್ಟೆ. ಬೈಗುಳಗಳು ಒಂದೂ ಸೋಸದೆ, ನೇರವಾಗಿ, ಸೇರಬೇಕಾದಲ್ಲಿಗೆ ಸೇರುತ್ತಿದ್ದವು. ಕೆಲಸ ಹೋದ ಮನುಷ್ಯನಿಗೆ ಇಷ್ಟು ಹಾಯೆನಿಸುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.